ಮ್ಮಾ ಸೆಯಿಪಾಟಿಯ ನಾಲ್ಕನೆಯ ಅಧ್ಯಾಯ

ನಮ್ಮ ರಸಾಯನ ವಿಭಾಗದಲ್ಲಿ ಹಸಿರು ಬಣ್ಣ ಕಂಡರೆ ಯಾರಿಗೂ ಆಗುವುದಿಲ್ಲ. ಕ್ರೋಮಿಯಂ ಕೆಲಸ ಮಾಡುವವರಿಗೆ ಹಸಿರೆಂದರೆ ಸಾವು. ಮೂರು ದಿನ ಕಷ್ಟಪಟ್ಟು ಮಾಡಿದ ಕೆಂಪು ದ್ರಾವಣಕ್ಕೆ ಎಲ್ಲೋ ಒಂದು ಉಸಿರಿನಷ್ಟು ಗಾಳಿ ನುಗ್ಗಿದರೆ ಸಾಕು, ಮೊದಲು ಕಂದಾಗುತ್ತದೆ, ಆಮೇಲೆ ಫ್ಲಾಸ್ಕಿನ ಗೋಡೆಗೆ ಪಾಚಿಯಂತೆ ಹಸಿರಾಗಿ ಅಂಟಿಕೊಂಡು ಕೂರುತ್ತದೆ. ಇಂಥ ಜಾಗದಲ್ಲಿ ನಮ್ಮ ಮುಖ್ಯಸ್ಥರಾದ ಪ್ರೊಫೆಸರ್ ಇಗ್ನೇಷಿಯಸ್ ಗ್ರೊಬ್ಲರ್ ಇಪ್ಪತ್ತೆರಡು ವರ್ಷಗಳಿಂದ ಹಸಿರು ಶಾಯಿಯಲ್ಲೇ ಸಹಿ ಹಾಕುತ್ತ ಬಂದಿದ್ದಾರೆ. ಅವರ ಪೆನ್ನು ಮುಟ್ಟಿದ್ದು ಬದುಕಿ ಉಳಿದ ಉದಾಹರಣೆ ಕಡಿಮೆ.

ಇದು ಅವರ ಕಥೆಯಲ್ಲ. ಆದರೂ ಅವರೇ ಮೊದಲು ಬಂದುಬಿಟ್ಟರು. ಎಲ್ಲ ಲೇಖನಗಳಲ್ಲೂ ಹಾಗೆಯೇ ಬಂದು ಅವರಿಗೆ ಅಭ್ಯಾಸವಾಗಿದೆ.

ಇದು ಮ್ಮಾ ಸೆಯಿಪಾಟಿ ಮರೇಡಿಯ ಕಥೆ; ‘ಮ್ಮಾ’ ಎಂದರೆ ಇಲ್ಲಿಯವರ ಬಾಯಲ್ಲಿ ‘ಅಮ್ಮ’. ನನ್ನ ಮಗಳು ಒರಾಟಿಲೆ ಎಷ್ಟು ಹೊತ್ತಿಗೆ ಹಾಲು ಕುಡಿದಳು, ಎಷ್ಟು ಸಲ ಕಕ್ಕಿದಳು ಎಂದು ಬರೆದಿಡುವ ಪುಸ್ತಕದ ಅಂಚುಗಳಲ್ಲಿ ಈ ಹೆಂಗಸಿನ ಮಾತುಗಳನ್ನು ಗೀಚಿಟ್ಟುಕೊಂಡಿದ್ದೇನೆ. ಅಲ್ಲಿಂದ ಹೆಕ್ಕಿ ಬರೆಯುತ್ತಿದ್ದೇನೆ.

ಮ್ಮಾ ಸೆಯಿಪಾಟಿ ಇಲ್ಲಿಗೆ ಬಂದದ್ದು ಗಾಜು ತೊಳೆಯಲು. ಊರಾಚೆಯ ಮಾಮೆಲೋಡಿ ಬಡಾವಣೆಯಿಂದ ಬೆಳಗಿನ ಜನ ತುಂಬಿದ ಟ್ಯಾಕ್ಸಿ ಹಿಡಿದು ಆರೂವರೆಗೆ ಬಂದು, ಹಿಂದಿನ ದಿನ ವಿದ್ಯಾರ್ಥಿಗಳು ಕೊಂದು ಹೋದದ್ದನ್ನೆಲ್ಲ ತೊಟ್ಟಿಯ ಪಕ್ಕ ಸಾಲಾಗಿ ನಿಲ್ಲಿಸಿಕೊಂಡು ಉಜ್ಜುವುದು ಕೆಲಸ. ಪ್ರಬಂಧಗಳಲ್ಲಿ ಬರೆಯುವುದು ಗೆದ್ದದ್ದನ್ನು ಮಾತ್ರ. ತೊಟ್ಟಿಗೆ ಬರುವುದು ಸೋತದ್ದೆಲ್ಲ. ಎಂಟು ವರ್ಷ ಹೀಗೆ ಬೇರೆಯವರ ಸೋಲುಗಳನ್ನೇ ಉಜ್ಜಿದ ಮೇಲೆ, ಯಾವ ಹಸಿರು ರಬ್ಬರ್ ಕೊಳವೆಯ ಬಿರುಕಿನಿಂದ ಬಂತು, ಯಾವುದು ಒದ್ದೆ ಈಥರಿನಿಂದ ಬಂತು, ಯಾವುದು ಹುಡುಗ ಗೆಳತಿಯ ಜೊತೆ ಫೋನಿನಲ್ಲಿ ಜಗಳವಾಡುತ್ತ ನಿಂತದ್ದರಿಂದ ಬಂತು ಎಂಬುದು ಆಕೆಗೆ ಬಣ್ಣ ನೋಡಿದರೇ ತಿಳಿಯುತ್ತಿತ್ತು.

ಒಂದು ದಿನ ಡಾಕ್ಟರೇಟ್ ಮಾಡುತ್ತಿದ್ದ ಒಬ್ಬಾತ ನಾಲ್ಕನೆಯ ಸಲ ಹಸಿರು ಫ್ಲಾಸ್ಕನ್ನು ತೊಟ್ಟಿಯಲ್ಲಿಟ್ಟಾಗ ಆಕೆ ತಲೆ ಎತ್ತದೆ ಹೇಳಿದರಂತೆ:

“ನಿನ್ ಈಥರ್ ಒದ್ದೆ ಇದೆ ಮಗಾ. ಅದನ್ನ ಒಣಗಿಸು, ನನ್ ಕೈಗೂ ಒಂಚೂರು ಪುಣ್ಯ ಬರತ್ತೆ.”

“ನಿಮಗೇನು ಗೊತ್ತು ಅದೆಲ್ಲ?”

“ನನಗೇನು ಗೊತ್ತಪ್ಪ! ನೀನು ಒಂದು ಸಲ ಮಾಡೋದನ್ನ ನಾನು ನಾಲ್ಕು ಸಲ ತೊಳೀತೀನಿ, ಅಷ್ಟೇ.”

ಆತ ಈಥರ್ ಒಣಗಿಸಿದ. ಐದನೆಯ ಸಲ ಫ್ಲಾಸ್ಕ್ ಕೆಂಪಾಗಿಯೇ ಉಳಿಯಿತು. ಅವನ ಪ್ರಬಂಧದ ಕೃತಜ್ಞತೆಯ ಪುಟ ಇನ್ನೂ ಗ್ರಂಥಾಲಯದಲ್ಲಿದೆ. ತಂದೆ, ತಾಯಿ, ದೇವರು, ಪ್ರೊಫೆಸರ್ ಗ್ರೊಬ್ಲರ್, ನಾಯಿ, ಎರಡನೆಯ ಮಹಡಿಯ ಕಾಫಿ ಯಂತ್ರ, ಕೊನೆಯಲ್ಲಿ ‘ಸೆಲಿನಾ’. ನಮ್ಮಲ್ಲಿ ಸೆಲಿನಾ ಎಂಬುವವರು ಯಾರೂ ಇರಲಿಲ್ಲ.

ಆಮೇಲೆ ಆಕೆಯನ್ನು ತೊಟ್ಟಿಯಿಂದ ಮೇಜಿಗೆ ಬಡ್ತಿ ಕೊಟ್ಟು ಟೆಕ್ನಿಷಿಯನ್ ಮಾಡಿದರು. ಆಕೆ ಮನೆಯಲ್ಲೇ ಓದಿಕೊಂಡು ಒಂಬತ್ತು ವರ್ಷಕ್ಕೆ ಪದವಿ ಮುಗಿಸಿದರು. ಐವತ್ತು ತುಂಬಿದ ಮೇಲೆ, ಸಿಬ್ಬಂದಿಗೂ ಸ್ನಾತಕೋತ್ತರ ಪದವಿಗೆ ಸೇರಲು ಅವಕಾಶವಿದೆ ಎಂಬ ಸುತ್ತೋಲೆ ಬಂದಾಗ ಮೊದಲ ಅರ್ಜಿ ಅವರದೇ. ಅವಧಿ ಮೂರು ವರ್ಷ, ಒಂದು ದಿನವೂ ಹೆಚ್ಚಿಲ್ಲ. ನಾನು ಅದೇ ಲ್ಯಾಬಿಗೆ ವಿದ್ಯಾರ್ಥಿನಿಯಾಗಿ ಸೇರಿದಾಗ ಅವರಿಗೆ ಎರಡನೆಯ ವರ್ಷ. ಹಗಲು ಉಳಿದವರ ಕಾರ್ಬೀನ್ ಮಾಡಿಕೊಡುವುದು, ಊಟದ ಹೊತ್ತಿನಲ್ಲಿ ತಮ್ಮದು.

ಕಾರ್ಬೀನ್ ಎಂದರೆ ಏನೆಂದು ನನ್ನ ಅತ್ತೆ ಕೇಳಿದ್ದರು. ಹೀಗೆ ಹೇಳಿದ್ದೆ: ಇಂಗಾಲಕ್ಕೆ ನಾಲ್ಕು ಕೈ. ಎರಡು ಕೈಯನ್ನು ಮಾತ್ರ ಬೇರೆಯವರಿಗೆ ಕೊಟ್ಟು ನಿಂತ ಇಂಗಾಲವೇ ಕಾರ್ಬೀನ್. ಒಂಟಿಯಾಗಿ ಬಿಟ್ಟರೆ ಕ್ಷಣ ಹೊತ್ತೂ ಬಾಳುವುದಿಲ್ಲ, ಸಿಕ್ಕಿದ್ದಕ್ಕೆ ತಗುಲಿಕೊಂಡು ಬೇರೆ ಏನೋ ಆಗಿಬಿಡುತ್ತದೆ. ಕ್ರೋಮಿಯಂನಂಥ ಲೋಹವೊಂದು ಅದನ್ನು ಸೊಂಟದ ಮೇಲೆ ಎತ್ತಿಕೊಂಡರೆ ಮಾತ್ರ ಸುಮ್ಮನಿರುತ್ತದೆ. ಅತ್ತೆ ಒರಾಟಿಲೆಯನ್ನು ನೋಡಿ, “ಓ, ಇದರ ಹಾಗೆ,” ಎಂದರು. ನಮ್ಮ ವಿಭಾಗದಲ್ಲಿ ಯಾರೂ ಇಷ್ಟು ಬೇಗ ಅರ್ಥ ಮಾಡಿಕೊಂಡಿಲ್ಲ.

ಆ ಲೋಹದ ಸೊಂಟಕ್ಕೆ ಇಂಗಾಲವನ್ನು ಏರಿಸುವುದೇ ಕಷ್ಟದ ಕೆಲಸ. ಪ್ರತಿ ಫ್ಲಾಸ್ಕಿನ ಗಾಳಿಯನ್ನು ಮೂರು ಸಲ ಹೀರಿ ತೆಗೆದು ಮೂರು ಸಲ ಸಾರಜನಕ ತುಂಬಬೇಕು. ಸೊನ್ನೆಗಿಂತ ಎಪ್ಪತ್ತೆಂಟು ಡಿಗ್ರಿ ಕೆಳಗಿನ ಚಳಿಯಲ್ಲಿ ಲಿಥಿಯಂ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಆಮೇಲೆ ತಣ್ಣನೆಯ ನೀಳ ಕೊಳವೆಯಲ್ಲಿ ಬಣ್ಣಗಳನ್ನು ಬೇರೆ ಮಾಡಬೇಕು: ಮೊದಲು ಹಳದಿ ಇಳಿಯುತ್ತದೆ, ಅದನ್ನು ಚೆಲ್ಲು, ಹಿಂದೆ ಕೆಂಪು ಬರುತ್ತದೆ, ಅದನ್ನು ಹಿಡಿ. ನಾನು ಬಸುರಿಯಾದಾಗ ವೈದ್ಯೆ ಈ ಲೋಹಗಳ ಹತ್ತಿರವೂ ಸುಳಿಯಬೇಡ ಎಂದರು. ಪ್ರೊಫೆಸರರು ಹಸಿರು ಶಾಯಿಯಲ್ಲಿ ‘ವಿದ್ಯಾರ್ಥಿನಿಯ ವೈಯಕ್ತಿಕ ಆಯ್ಕೆಯಿಂದ ವಿಳಂಬ’ ಎಂದು ಬರೆದರು. ಮ್ಮಾ ಸೆಯಿಪಾಟಿ ಅದನ್ನು ಓದಿ, ನನ್ನ ಏಪ್ರನ್ ಕಸಿದು ಗೂಟಕ್ಕೆ ಹಾಕಿದರು.

“ನೀನು ಅಲ್ಲಿ ಬಾಗಿಲ ಆಚೆ ಕೂತ್ಕೊಂಡು ಬರ್ಕೋ ಮಗಳೇ. ಕೈ ನಂದು, ಬುದ್ಧಿ ನಿಂದು, ಹೆಸರು ಹೆಂಗೂ ಅವರದ್ದೇ.”

ಏಳು ತಿಂಗಳು ನನ್ನ ಕೆಲಸವನ್ನೂ ಅವರೇ ಮಾಡಿದರು. ಆ ಏಳು ತಿಂಗಳು ಅವರ ಸ್ವಂತ ಪ್ರಬಂಧದ ಲೆಕ್ಕದಿಂದ ಹೋದದ್ದು ಎಂಬುದು ನನಗೆ ಹೊಳೆದದ್ದು ಮಗು ಹುಟ್ಟಿದ ಮೇಲೆ.

ಈಗ ನಮ್ಮ ಚಹಾ ಕೋಣೆಯ ಕಟ್ಟಳೆಯೊಂದನ್ನು ಹೇಳಬೇಕು. ಇಲ್ಲಿ ಹೊಸ ಕಾರ್ಬೀನ್ ಹುಟ್ಟಿತೆಂದು ನಂಬುವುದು ಎನ್‌ಎಂಆರ್ ಯಂತ್ರದ ಕಾಗದದಲ್ಲಿ ಅದರ ಗೆರೆ ಎದ್ದಾಗ. ಪ್ರತಿ ಇಂಗಾಲಕ್ಕೂ ಆ ಕಾಗದದ ಮೇಲೆ ಒಂದು ಗೆರೆ, ಒಂದು ಜಾಗ. ಗೆರೆ ಎದ್ದ ಮೇಲಿನ ಮೊದಲ ಹತ್ತು ಗಂಟೆಯ ಚಹಾಕ್ಕೆ ಆ ವಸ್ತುವಿನ ಒಡೆಯರು ಎಲ್ಲರಿಗೂ ತಿಂಡಿ ತರಬೇಕು. ತಿಂದವರು ಒಪ್ಪಿದಂತೆ. ಆರು ವರ್ಷದ ಹಿಂದೆ ಒಂದು ನೇರಳೆ ವಸ್ತುವಿಗಾಗಿ ಇಬ್ಬರು ಕಿತ್ತಾಡಿಕೊಂಡಾಗ, ಒಬ್ಬಳು ಮಿಲ್ಕ್ ಟಾರ್ಟ್ ಎಂಬ ಹಾಲಿನ ಸಿಹಿ ಮಾಡಿ ತಂದಳಂತೆ. ಇನ್ನೊಬ್ಬ ಅರ್ಧ ಗಂಟೆ ಬರೀ ಚಹಾ ಕುಡಿಯುತ್ತ ಗೋಡೆ ನೋಡುತ್ತಿದ್ದು, ಕೊನೆಗೆ ತಡೆಯಲಾರದೆ ಒಂದು ತುಂಡು ತಿಂದ. ಆಮೇಲೆ ಮತ್ತೆ ವಾದಕ್ಕೆ ಬಂದಾಗ ತೀರ್ಪು ಕೊಟ್ಟವರು ಸ್ವತಃ ಪ್ರೊಫೆಸರ್ ಗ್ರೊಬ್ಲರ್: “ತಿಂದಾಯ್ತಲ್ಲಪ್ಪ. ಇನ್ನು ವಾದ ಇಲ್ಲ.”

ಪ್ರೊಫೆಸರರು ಎಂದೂ ಏನನ್ನೂ ತಂದವರಲ್ಲ. ಮನೆಯಲ್ಲಿ ಹೆಂಡತಿ ಪಥ್ಯ ಹಾಕಿದ್ದಾಳೆ ಎಂದು ಹೇಳುತ್ತಲೇ ಎರಡನೆಯದಕ್ಕೆ ಕೈ ಹಾಕುವವರು. ಅದರಲ್ಲೂ ಮ್ಮಾ ಸೆಯಿಪಾಟಿಯ ಮಗ್ವಿನ್ಯ ಎಂದರೆ, ಒಳಗೆ ಕೊಚ್ಚಿದ ಮಾಂಸ ತುಂಬಿ ಎಣ್ಣೆಯಲ್ಲಿ ಕರಿದ ಆ ಉಂಡೆ ಎಂದರೆ, ಸಭೆಗಳ ಸಮಯವನ್ನೇ ಬದಲಿಸುತ್ತಿದ್ದರು. ಆದರೆ ಆಕೆ ಅದನ್ನು ತಂದದ್ದೆಲ್ಲ ಬೇರೆಯವರ ಕಾರ್ಬೀನಿಗಾಗಿ. ವಿದ್ಯಾರ್ಥಿಗಳಿಗೆ ಅಡುಗೆ ಬರುತ್ತಿರಲಿಲ್ಲ, ಇವರು ಮಾಡಿಕೊಡುತ್ತಿದ್ದರು. ತಮ್ಮದಕ್ಕಾಗಿ ಒಮ್ಮೆಯೂ ಕರಿದಿರಲಿಲ್ಲ.

ಅವರ ಪ್ರಬಂಧದಲ್ಲಿ ಐದು ಅಧ್ಯಾಯ. ಮೊದಲ ಮೂರು ಬೇರೆಯವರು ಹಿಂದೆಯೇ ಮಾಡಿದ್ದನ್ನು ಸುಧಾರಿಸಿ ಮಾಡಿದ್ದು, ಐದನೆಯದು ಅದರ ಮೇಲಿನ ಚರ್ಚೆ. ನಾಲ್ಕನೆಯದೇ ಜೀವ: ಎರಡು ಗಂಧಕದ ಉಂಗುರಗಳು ಕೈ ಹಿಡಿದ, ಈವರೆಗೆ ಯಾರೂ ಮಾಡದ ಹೊಸ ಕಾರ್ಬೀನ್. ದಾಳಿಂಬೆ ರಸದ ಬಣ್ಣ. ನಾಲ್ಕನೆಯ ಅಧ್ಯಾಯ ಇಲ್ಲದಿದ್ದರೆ ಪದವಿ ಇಲ್ಲ. ನವೆಂಬರ್ ಕೊನೆಗೆ ಅವಧಿ ಮುಗಿಯುತ್ತದೆ, ಅಲ್ಲಿಗೆ ಎಲ್ಲವೂ ಮುಗಿದಂತೆ. ವಸ್ತು ಸಿಕ್ಕಿದ್ದು ಅಕ್ಟೋಬರಿನಲ್ಲಿ. ಹರಳು ಬೆಳೆದಿದ್ದರೆ ಎಕ್ಸ್-ರೇಯಲ್ಲಿ ನೋಡಿ ಮುಗಿಸಬಹುದಿತ್ತು. ಎರಡು ಸಲ ಕೂದಲಿನಷ್ಟು ತೆಳುವಾಗಿ ಬೆಳೆಯಿತು. ಮೂರನೆಯ ಸಲ ಚೆನ್ನಾಗಿ ಬೆಳೆಯುತ್ತಿದ್ದಾಗ ನಾಲ್ಕು ಗಂಟೆ ಕರೆಂಟ್ ಹೋಗಿ ಫ್ರೀಜರಿನಲ್ಲೇ ಕರಗಿತು. ಉಳಿದ ದಾರಿ ಎನ್‌ಎಂಆರ್ ಒಂದೇ.

ಆ ಎನ್‌ಎಂಆರ್ ಯಂತ್ರ ಆಗಸ್ಟಿನಲ್ಲಷ್ಟೇ ಬಂದ ಹೊಸದು. ಹಳೆಯದರಲ್ಲಿ ಪ್ರತಿ ಅಳತೆಯನ್ನೂ ಕೈಯಲ್ಲಿ ಹೊಂದಿಸಬೇಕಿತ್ತು. ಕಾರ್ಬೀನ್ ಆದರೆ ಮ್ಮಾ ಸೆಯಿಪಾಟಿಯೇ ಹೋಗಿ ಹೊಂದಿಸಿ ಬರುತ್ತಿದ್ದರು. ಹೊಸದು ತಾನೇ ಎಲ್ಲ ಮಾಡಿಕೊಳ್ಳುತ್ತದೆ. ಒಬ್ಬ ವಿದ್ಯಾರ್ಥಿ ಮೊದಲ ವಾರವೇ ಏನೋ ಒತ್ತಿ ಕೆಡಿಸಿದ್ದರಿಂದ ಪ್ರೊಫೆಸರರು ಬಾಗಿಲಿಗೆ ನಿಯಮ ಅಂಟಿಸಿದರು: ‘ನನ್ನ ಲಿಖಿತ ಅನುಮತಿಯಿಲ್ಲದೆ ಯಾವ ಅಳತೆಯನ್ನೂ ಬದಲಿಸಕೂಡದು.’ ಯಂತ್ರ ನೋಡಿಕೊಳ್ಳುವ ಡ್ರಿಕಸ್ ಒಳ್ಳೆಯವನು, ಎರಡು ಮಕ್ಕಳ ತಂದೆ, ಪ್ರೊಫೆಸರರ ಹೆಜ್ಜೆಯ ಸದ್ದಿಗೇ ಎದ್ದು ನಿಲ್ಲುವವನು. ಹಳೆಯ ಯಂತ್ರದ ಕಾಲ ಅವನು ಕಂಡಿರಲಿಲ್ಲ, ಕಾರ್ಬೀನ್ ಅಂತೂ ಇದೇ ಮೊದಲು. ಯಂತ್ರಕ್ಕೂ ಇದೇ ಮೊದಲು.

ಕಾಗದ ಬಂತು. ಎಲ್ಲ ಇಂಗಾಲಗಳೂ ಇದ್ದವು, ಕಾರ್ಬೀನ್ ಇರಲಿಲ್ಲ.

ಇರುವುದಾದರೂ ಹೇಗೆ? ಸಾಮಾನ್ಯ ಇಂಗಾಲಗಳ ಗೆರೆ ಸೊನ್ನೆಯಿಂದ ಇನ್ನೂರ ಇಪ್ಪತ್ತರ ಒಳಗೆ ಏಳುತ್ತವೆ. ಯಂತ್ರ ಅಷ್ಟನ್ನೇ ನೋಡಿ ನಿಲ್ಲಿಸುತ್ತದೆ. ಲೋಹದ ಸೊಂಟದ ಮೇಲಿನ ನಮ್ಮ ಕಾರ್ಬೀನ್ ಕೂರುವುದು ಮುನ್ನೂರರ ಆಚೆ. ತರಗತಿಯ ಫೋಟೋ ತೆಗೆಯುವವನು ಎತ್ತರದ ಹುಡುಗನ ತಲೆ ಕತ್ತರಿಸಿ, ಆಮೇಲೆ ಈ ತರಗತಿಯಲ್ಲಿ ಎತ್ತರದವರೇ ಇಲ್ಲ ಎಂದ ಹಾಗೆ. ಈ ಸಂಗತಿಯನ್ನು ಪ್ರೊಫೆಸರ್ ಗ್ರೊಬ್ಲರ್ ಮೂವತ್ತು ವರ್ಷ ಪಾಠ ಮಾಡಿದ್ದಾರೆ, ಪರೀಕ್ಷೆಯಲ್ಲಿ ಐದು ಅಂಕಕ್ಕೆ ಕೇಳಿದ್ದಾರೆ. ಆದರೆ ಹದಿನೈದು ವರ್ಷದಿಂದ ಯಂತ್ರದ ಕೋಣೆಗೆ ಕಾಲಿಟ್ಟಿಲ್ಲ. ಅವರಿಗೆ ಕಾಗದ ಬರುತ್ತಿತ್ತು, ಕಾಗದದಲ್ಲಿ ಗೆರೆ ಇರುತ್ತಿತ್ತು. ಅದನ್ನು ಹೊಂದಿಸುತ್ತಿದ್ದ ಕೈ ಯಾವುದೆಂದು ಕೇಳುವ ಪ್ರಸಂಗ ಬಂದಿರಲಿಲ್ಲ.

ಮ್ಮಾ ಸೆಯಿಪಾಟಿ ಆ ಕಾಗದ ತಂದಾಗ ನಾನು ಸಹಿಗಾಗಿ ಪ್ರೊಫೆಸರರ ಕೋಣೆಯಲ್ಲೇ ನಿಂತಿದ್ದೆ. ಕಾಗದವನ್ನು ಬೆಳಕಿಗೆ ಹಿಡಿದು ಪ್ರೊಫೆಸರರು ನಾಲಗೆ ಲೊಚಗುಟ್ಟಿದರು.

“ಕಾರ್ಬೀನ್ ಇಲ್ಲ ಸೆಯಿಪಾಟಿ. ಪಾಪ. ನೀನು ಏನೋ ಮಾಡಿದೀಯ, ಆದ್ರೆ ಕಾರ್ಬೀನ್ ಮಾಡಿಲ್ಲ.”

“ಪ್ರೊಫ್, ಒಂದ್ ನಿಮಿಷ ಆ ಕಾಗದದ ಅಂಚು ನೋಡಿ, ಅದು ಎಲ್ಲಿಗೆ...”

“ಅಂಚು ಗಿಂಚು ಬಿಡು. ಕಾರ್ಬೀನ್ ಬಗ್ಗೆ ಪುಸ್ತಕ ಬರೆದವನು ನಾನು.”

“ಆ ಪುಸ್ತಕದ್ದೇ ತೊಂಬತ್ತೊಂದನೇ ಪುಟದಲ್ಲಿ...”

“ನೋಡು, ಬೇಜಾರು ಮಾಡ್ಕೋಬೇಡ. ಬಣ್ಣ ಕೆಂಪು, ಆದ್ರೆ ಕಾರ್ಬೀನ್ ಅಲ್ಲ. ಅಂದ್ರೆ ಏನರ್ಥ?” ಅವರ ಕಣ್ಣು ಹೊಳೆಯತೊಡಗಿತು. “ಯಾರೂ ಕಾಣದ ಬೇರೆ ಏನೋ! ಇದು ನಿನ್ನ ಮಟ್ಟದ್ದಲ್ಲ ಬಿಡು. ನಾಲ್ಕನೇ ಅಧ್ಯಾಯ ಪ್ರಬಂಧದಿಂದ ತೆಗ್ದುಬಿಡು. ವಸ್ತು ನನಗೆ ಕೊಡು. ಮ್ಯೂನಿಕ್ಕಿಂದ ಡಾಕ್ಟರ್ ರೀಗರ್ ಬರ್ತಿದಾರೆ, ಅವರ ಮುಂದೆ ನಾನೇ ಇದರ ಬಗ್ಗೆ ಮಾತಾಡ್ತೀನಿ.”

“ನಾಲ್ಕು ತೆಗೆದ್ರೆ ನನ್ನ ಪದವಿ?”

“ಟೆಕ್ನಿಷಿಯನ್ನಿಗೆ ಪದವಿ ಯಾಕೆ ಹೇಳು? ನೀನಿಲ್ದೆ ಈ ಲ್ಯಾಬ್ ನಡಿಯತ್ತಾ?”

ಇದನ್ನು ಹೊಗಳಿಕೆ ಎಂದುಕೊಂಡೇ ಅವರು ಹೇಳಿದರು. ಫೋನ್ ಬಂತು, ತಿರುಗಿಕೊಂಡರು.

ಹೊರಗೆ ಬಂದ ಮೇಲೆ ನಾನು ಕುದಿಯುತ್ತಿದ್ದೆ. “ನೇರವಾಗಿ ಹೇಳಬಾರದಿತ್ತಾ ಮ್ಮಾ? ‘ಕಿಟಕಿ ಚಿಕ್ಕದು, ಆಚೆ ನೋಡಿ’ ಅಂತ?”

“ಹೇಳೋಕೆ ಬಿಟ್ರಾ? ಬಾಯಲ್ಲಿ ಹೇಳಿದ್ದು ಅವರ ಕಿವಿ ಹತ್ರ ಹೋಗಿ ವಾಪಸ್ ಬರತ್ತೆ.” ಅವರು ಕೈಗವಸು ಎಳೆದು ತೆಗೆದರು. “ಬರೆದು ಕೊಡ್ತೀನಿ. ನಿಯಮ ಅವರದ್ದೇ ತಾನೇ? ಲಿಖಿತ ಅನುಮತಿ ಬೇಕಂತೆ. ಲಿಖಿತವಾಗೇ ಕೇಳೋಣ.”

ಕೇಳಿದರು. ನಮೂನೆ ಪತ್ರ ತುಂಬಿ, ತಲೆಯ ಚೌಕದಲ್ಲಿ ‘ಅಳತೆ ಬದಲಾವಣೆ’ ಎಂದು ಗುರುತು ಹಾಕಿ, ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದರು: ‘ಮಾದರಿ ಕಾರ್ಬೀನ್ ಆಗಿರುವುದರಿಂದ ದಯವಿಟ್ಟು ನಾನೂರರವರೆಗೆ ತೆಗೆಯಬೇಕು.’ ಮರುದಿನ ಹಿಂದೆ ಬಂತು. ತಲೆಯ ಚೌಕದ ಪಕ್ಕದಲ್ಲೇ ಹಸಿರು ಶಾಯಿ: ‘ಅನಗತ್ಯ.’ ಅದರ ಕೆಳಗಿನ ಸಾಲನ್ನು ಓದಿದ ಗುರುತಿಲ್ಲ. ವಾರ ಬಿಟ್ಟು ಎರಡನೆಯದು. ಅದಕ್ಕೆ ಹಸಿರಿನಲ್ಲಿ ಎರಡು ಶಬ್ದ: ‘ಆಗಲೇ ಹೇಳಿದೆ.’

ನಾನು ಡ್ರಿಕಸ್‌ನ ಹತ್ತಿರ ಹೋಗಿ ಬೇಡಿದೆ.

“ಅಣ್ಣಾ, ಒಂದು ಅಂಕಿ ಬದಲಾಯ್ಸಿದ್ರೆ ಆಯ್ತು. ಯಾರಿಗ್ ಗೊತ್ತಾಗತ್ತೆ?”

“ಯಂತ್ರಕ್ಕೆ ಗೊತ್ತಾಗತ್ತೆ, ತಂಗಿ. ಯಾರು, ಯಾವಾಗ, ಏನು ಬದಲಾಯ್ಸಿದ್ರು ಅಂತ ಅದು ಬರ್ಕೊಳ್ಳತ್ತೆ. ಪ್ರತಿ ಸೋಮವಾರ ಅವರಿಗೆ ಕಳ್ಸತ್ತೆ. ನನ್ನ ಕೆಲಸ ಹೋಗತ್ತೆ.” ಅವನ ಕಣ್ಣಲ್ಲಿ ನೀರಾಡಿತು. ನನಗೆ ಬೈಯುವುದೂ ಆಗಲಿಲ್ಲ.

ಮ್ಮಾ ಸೆಯಿಪಾಟಿ ಮಾತ್ರ ತಣ್ಣಗಿದ್ದರು. ಎರಡು ಪತ್ರಗಳನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಚೀಲಕ್ಕೆ ಹಾಕಿಕೊಂಡರು. ಪ್ರೊಫೆಸರರಿಗೆ ವಸ್ತುವನ್ನು ಕೊಡುವ ಮೊದಲು ಅರ್ಧವನ್ನು ಪುಟ್ಟ ಗಾಜಿನ ಕೊಳವೆಗೆ ಹಾಕಿ, ಸಾರಜನಕ ತುಂಬಿ, ಬೆಂಕಿಯ ನಾಲಗೆಯಲ್ಲಿ ಅದರ ಕತ್ತನ್ನು ಕರಗಿಸಿ ಮುಚ್ಚಿದರು. ಒಂದು ಉಸಿರೂ ಒಳಗೆ ಹೋಗದ ಹಾಗೆ.

“ಇದು ಯಾಕೆ?”

“ಅವರ ಹತ್ರ ಹೋದದ್ದು ಎಷ್ಟು ದಿನ ಕೆಂಪಗಿರತ್ತೆ ಅಂತ ನಂಗೊತ್ತು ಮಗಳೇ. ಎಂಟು ವರ್ಷ ಅವರ ಫ್ಲಾಸ್ಕ್ ತೊಳ್ದಿದೀನಿ.”

ನವೆಂಬರ್ ಎರಡನೆಯ ಶುಕ್ರವಾರ ಡಾಕ್ಟರ್ ಆಡೆಲ್‌ಹೈಡ್ ರೀಗರ್ ಬಂದರು. ಎಪ್ಪತ್ತು ದಾಟಿದ, ಗುಬ್ಬಚ್ಚಿಯಷ್ಟಿದ್ದ ಹೆಂಗಸು. ಈ ಕೆಂಪು ವಸ್ತುಗಳು ಮೊದಲು ಹುಟ್ಟಿದ ಊರಿನವರು, ಬದುಕನ್ನೆಲ್ಲ ಇವುಗಳ ಜೊತೆಯಲ್ಲೇ ಕಳೆದವರು. ಪ್ರೊಫೆಸರರು ಹೊಸ ಟೈ ಕಟ್ಟಿದ್ದರು. ಉಪನ್ಯಾಸಕ್ಕೆ ಇಟ್ಟ ಹೆಸರು ನಾಲ್ಕು ಸಾಲಿನಷ್ಟು ಉದ್ದ. ಸಾರ ಇಷ್ಟೇ, ಜಗತ್ತು ಕಾಣದ್ದನ್ನು ತಾನು ಕಂಡೆ. ಮೇಜಿನ ಮೇಲೆ ದೀಪದ ಕೆಳಗೆ ದಾಳಿಂಬೆ ಬಣ್ಣದ ಫ್ಲಾಸ್ಕ್. ಎಲ್ಲರಿಗೂ ಕಾಣಲೆಂದು ಅದನ್ನು ಎತ್ತಿ ಅಲ್ಲಾಡಿಸಿದರು. ಆಮೇಲೆ ಮುಚ್ಚಳ ತೆಗೆದು ತೋರಿಸಿ, ಮರಳಿ ಹಾಕುವುದನ್ನು ಮರೆತು ಮಾತು ಶುರುಮಾಡಿದರು.

ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತ ಮ್ಮಾ ಸೆಯಿಪಾಟಿ ಕಣ್ಣು ಮುಚ್ಚಿಕೊಂಡರು, ಯಾರೋ ಮಗುವನ್ನು ತಲೆಕೆಳಗಾಗಿ ಹಿಡಿದದ್ದನ್ನು ಕಂಡವರಂತೆ.

ಐವತ್ತು ನಿಮಿಷ ಮಾತಾಡಿದರು. ಫ್ಲಾಸ್ಕಿನ ದ್ರವ ಐವತ್ತು ನಿಮಿಷ ಕೇಳಿಸಿಕೊಂಡಿತು. ಮೊದಲ ಇಪ್ಪತ್ತು ನಿಮಿಷ ಕೆಂಪಗೇ ಇತ್ತು, ಆಮೇಲೆ ಮೇಲ್ಭಾಗ ಮಂಕಾಯಿತು. ಚಪ್ಪಾಳೆಯ ಹೊತ್ತಿಗೆ ಹಳೆಯ ಚಹಾದ ಬಣ್ಣ. ಕೋಣೆಯಲ್ಲಿ ಅದನ್ನು ನೋಡದಿದ್ದವರು ಒಬ್ಬರೇ.

ಡಾಕ್ಟರ್ ರೀಗರ್ ಕೈ ಎತ್ತಿದರು. “ಚೆನ್ನಾಗಿತ್ತು ಪ್ರೊಫೆಸರ್. ಒಂದೇ ಒಂದು ಸಣ್ಣ ಪ್ರಶ್ನೆ. ಆ ನಕ್ಷೆ ಎಲ್ಲಿವರೆಗೆ ತೆಗ್ದಿದೀರಿ?”

“ಪೂರ್ತಿ ತೆಗ್ದಿದೀವಿ ಮೇಡಂ.”

“ಪೂರ್ತಿ ಅಂದ್ರೆ?”

“ಅಂದ್ರೆ... ಯಂತ್ರದ ನಿಗದಿತ ಕ್ರಮದಲ್ಲಿ.”

“ಅದು ಎಲ್ಲಿಗೆ ನಿಲ್ಲತ್ತೆ?”

ಪ್ರೊಫೆಸರರು ಡ್ರಿಕಸ್‌ನನ್ನು ನೋಡಿದರು. ಡ್ರಿಕಸ್ ತನ್ನ ಬೂಟುಗಳನ್ನು ನೋಡಿದ. ಬೂಟುಗಳಿಗೂ ಏನೂ ಹೊಳೆಯಲಿಲ್ಲ. “ಇನ್ನೂರ ಇಪ್ಪತ್ತಕ್ಕೆ ಸರ್,” ಎಂದ ಕೊನೆಗೆ.

ಮುದುಕಿ ಕನ್ನಡಕ ತೆಗೆದು ಒರೆಸಿಕೊಂಡರು. “ನಮ್ಮೂರಲ್ಲಿ ಕಾರ್ಬೀನ್ ಮುನ್ನೂರು ದಾಟಿ ಕೂರ್ತಿತ್ತು. ಇಲ್ಲಿ ಚಳಿ ಕಮ್ಮಿ ಅಂತ ಕೆಳಗೆ ಇಳಿದು ಬಂದಿದ್ಯಾ?”

ಮುಂದಿನ ಸಾಲಿನಲ್ಲಿ ಯಾರೋ ನಗು ತಡೆಯಲು ಕೆಮ್ಮಿದರು. ಕೆಮ್ಮು ಅಂಟುಜಾಡ್ಯದಂತೆ ಹಿಂದಿನ ಸಾಲಿನವರೆಗೂ ಹರಡಿತು. ಪ್ರೊಫೆಸರರ ಕಿವಿಗಳು ಫ್ಲಾಸ್ಕ್ ಕಳೆದುಕೊಂಡ ಬಣ್ಣವನ್ನು ಪಡೆದವು.

“ಇದು... ಇದು ತಾಂತ್ರಿಕ ಸಿಬ್ಬಂದಿಯ ಅಚಾತುರ್ಯ ಮೇಡಂ. ಮಾದರಿ ಕೊಟ್ಟು ನಕ್ಷೆ ತೆಗೆಸಿದ್ದು ನಮ್ಮ ಟೆಕ್ನಿಷಿಯನ್. ಕಾರ್ಬೀನ್ ಎಲ್ಲಿ ಬರತ್ತೆ ಅನ್ನೋದು ಅವರಿಗೆ ಹೇಗೆ ಗೊತ್ತಿರತ್ತೆ? ನಾನೇ ಹೇಳ್ಕೊಡಬೇಕಿತ್ತು.”

ಮ್ಮಾ ಸೆಯಿಪಾಟಿ ಎದ್ದು ನಿಂತರು. ಚೀಲದ ಜಿಪ್ಪು ಎಳೆದ ಸದ್ದು ಕೋಣೆಗೆಲ್ಲ ಕೇಳಿಸಿತು.

“ಹೌದು ಪ್ರೊಫ್, ತೆಗೆಸಿದ್ದು ನಾನೇ.”

ಮೆಟ್ಟಿಲು ಇಳಿದು ಹೋಗಿ ಎರಡೂ ಹಾಳೆಗಳನ್ನು ಪ್ರೊಫೆಸರರಿಗೆ ಕೊಡದೆ ಡಾಕ್ಟರ್ ರೀಗರ್ ಅವರ ಮಡಿಲಿಗಿಟ್ಟರು. ಆಕೆ ಜೋರಾಗಿ ಓದಿದರು. “‘ಮಾದರಿ ಕಾರ್ಬೀನ್ ಆಗಿರುವುದರಿಂದ ದಯವಿಟ್ಟು ನಾನೂರರವರೆಗೆ ತೆಗೆಯಬೇಕು.’ ಸರಿಯಾಗೇ ಕೇಳಿದಾರಲ್ಲ. ಪಕ್ಕದಲ್ಲಿ ಹಸಿರಲ್ಲಿ ಏನೋ ಇದೆ, ನನ್ನ ಕಣ್ಣಿಗೆ ಕಾಣ್ತಿಲ್ಲ. ಸ್ವಲ್ಪ ನೀವೇ ಓದಿ ಪ್ರೊಫೆಸರ್.”

ಅವರಿಗೆ ಓದದೆ ವಿಧಿಯಿರಲಿಲ್ಲ. “‘ಅನಗತ್ಯ,’” ಎಂದರು.

“ಇನ್ನೊಂದರಲ್ಲಿ?”

“‘ಆಗಲೇ ಹೇಳಿದೆ.’”

ಈ ಸಲ ಯಾರೂ ಕೆಮ್ಮಲಿಲ್ಲ. ನೇರವಾಗಿಯೇ ನಕ್ಕರು.

ಅಂದೇ ಮಧ್ಯಾಹ್ನ, ಅತಿಥಿಯ ಎದುರಿನಲ್ಲಿ, ಪ್ರೊಫೆಸರರು ಅನುಮತಿ ಬರೆದುಕೊಟ್ಟರು. ಮ್ಮಾ ಸೆಯಿಪಾಟಿ ಬೆಂಕಿಯಲ್ಲಿ ಮುಚ್ಚಿಟ್ಟಿದ್ದ ಕೊಳವೆಯನ್ನು ಸಾರಜನಕದ ಒಳಗೇ ಮುರಿದು ಮಾದರಿ ಮಾಡಿದರು. ಕಾರ್ಬೀನಿನ ಗೆರೆ ನಾಚಿಕೆಯದ್ದು, ಬೇಗ ಮುಖ ತೋರುವುದಿಲ್ಲ. ಯಂತ್ರದೊಳಗೆ ತಣ್ಣಗಿಟ್ಟು ಶನಿವಾರ, ಭಾನುವಾರ ಪೂರ್ತಿ ಬಿಟ್ಟರು. ಯಂತ್ರಕ್ಕೆ ಜನರೇಟರ್ ಇದೆ, ಆದರೂ ಭಾನುವಾರ ಕರೆಂಟ್ ಹೋದಾಗ ಮಗುವನ್ನು ಎತ್ತಿಕೊಂಡೇ ನಾನು ಅವರಿಗೆ ಫೋನ್ ಮಾಡಿದೆ.

“ಮ್ಮಾ, ಭಯ ಆಗ್ತಿಲ್ವಾ?”

“ಆಗ್ತಿದೆ. ಅದಕ್ಕೇ ಹಿಟ್ಟು ಕಲಸ್ತಾ ಇದೀನಿ. ಮಗುಗೆ ಜ್ವರ ಇಳೀತಾ?”

“ಇಳೀತು. ಮ್ಮಾ, ಗೆರೆ ಬರೋಕೆ ಮುಂಚೆನೇ ಹಿಟ್ಟಾ?”

“ಹಿಟ್ಟು ಉಬ್ಬೋಕೆ ಹೊತ್ತು ಬೇಕಲ್ಲೇ. ಗೆರೆ ಬಂದ ಮೇಲೆ ಕಲಸಿದ್ರೆ ಹತ್ತು ಗಂಟೆಗೆ ಆಗತ್ತಾ?”

ಸೋಮವಾರ ಬೆಳಗ್ಗೆ ಡ್ರಿಕಸ್ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದ. ಕಾಗದದ ದೂರದ ತುದಿಯಲ್ಲಿ, ಖಾಲಿ ಬಯಲಿನಲ್ಲಿ ಒಬ್ಬಳೇ ನಿಂತ ಹೆಂಗಸಿನಂತೆ, ಒಂದು ಗೆರೆ. ಮುನ್ನೂರ ಹದಿನೇಳು. ಮ್ಮಾ ಸೆಯಿಪಾಟಿ ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅಳುತ್ತಾರೇನೋ ಎಂದುಕೊಂಡು ನಾನು ಕರವಸ್ತ್ರ ತೆಗೆದೆ. ಅವರು ಅದನ್ನು ತೆಗೆದುಕೊಂಡು ನನ್ನ ಹೆಗಲ ಮೇಲಿನ ಮಗುವಿನ ಹಾಲಿನ ಕಲೆ ಒರೆಸಿ ಹಿಂದಕ್ಕೆ ಕೊಟ್ಟರು.

ಅಷ್ಟರಲ್ಲೇ ಯಂತ್ರದ ಕೋಣೆಯ ಬಾಗಿಲಿಗೆ ಹೊಸ ಪ್ರಕಟಣೆ ಬಂದಿತ್ತು: ‘ಕಾರ್ಬೀನ್ ಮಾದರಿಗಳನ್ನು ಕಡ್ಡಾಯವಾಗಿ ನಾನೂರರವರೆಗೆ ತೆಗೆಯತಕ್ಕದ್ದು. ಈ ಪದ್ಧತಿಯನ್ನು ರೂಪಿಸಿದವರು, ಐ. ಗ್ರೊಬ್ಲರ್.’

ಹತ್ತಕ್ಕೆ ಚಹಾ ಕೋಣೆ ತುಂಬಿತ್ತು. ಪ್ರೊಫೆಸರರು ಡಾಕ್ಟರ್ ರೀಗರ್ ಪಕ್ಕ ‘ನಮ್ಮ ಕಾರ್ಬೀನ್’ ಎನ್ನುತ್ತಿದ್ದರು. “ನಂಗೆ ಮೊದಲೇ ಅನುಮಾನ ಇತ್ತು, ಪರೀಕ್ಷಿಸೋಣ ಅಂತ ಸುಮ್ನಿದ್ದೆ, ಇನ್ನು ನಾನೇ ಒಂದು ಸಣ್ಣ ಲೇಖನ ಬರೆದುಬಿಡ್ತೀನಿ,” ಎಂದರು. ಗೆರೆ ಬಂದರೂ ಅಧ್ಯಾಯ ಅವರ ಜೇಬಿನಲ್ಲೇ ಇತ್ತು. ಅವರು ಮೊದಲು ಅಚ್ಚು ಹಾಕಿಸಿದರೆ ಮ್ಮಾ ಅವರ ಪ್ರಬಂಧದಲ್ಲಿ ಅದು ಹಳಸಲು.

ಮ್ಮಾ ಸೆಯಿಪಾಟಿ ಬಂದದ್ದು ಮಗುವಿನ ಸ್ನಾನಕ್ಕೆ ಬಳಸುವಷ್ಟು ದೊಡ್ಡ ಡಬ್ಬ ಹೊತ್ತುಕೊಂಡು. ಮೇಜಿನ ನಡುವೆ ಇಟ್ಟು ಮುಚ್ಚಳ ತೆಗೆದರು. ಕರಿದ ಹಿಟ್ಟಿನ, ಕೊಚ್ಚಿದ ಮಾಂಸದ, ಮಾವಿನ ಅಚಾರಿನ ಹಬೆ ಎದ್ದಿತು.

“ಯಾರದ್ದು ಇದು?” ಎಂದರು ಡಾಕ್ಟರ್ ರೀಗರ್.

“ನಾಲ್ಕನೇ ಅಧ್ಯಾಯದ್ದು ಮೇಡಂ,” ಎಂದು ನಾನು ಕಟ್ಟಳೆಯನ್ನು ವಿವರಿಸಿದೆ. ನೇರಳೆ ವಸ್ತುವಿನ ಜಗಳವನ್ನೂ, ಅದಕ್ಕೆ ಪ್ರೊಫೆಸರರು ಕೊಟ್ಟ ತೀರ್ಪನ್ನೂ, ಶಬ್ದಕ್ಕೆ ಶಬ್ದ, ಸ್ವಲ್ಪ ಜೋರಾಗಿಯೇ ಹೇಳಿದೆ. ಮುದುಕಿ ದೊಡ್ಡದೊಂದನ್ನು ಆರಿಸಿ ಕಚ್ಚಿದರು. ಡ್ರಿಕಸ್ ತೆಗೆದುಕೊಂಡ. ಒಬ್ಬೊಬ್ಬರಾಗಿ ಎಲ್ಲರೂ ತೆಗೆದುಕೊಂಡರು. ಡಬ್ಬ ಪ್ರೊಫೆಸರರ ಮುಂದೆ ಬಂದು ನಿಂತಿತು.

ಅವರ ಕೈ ಮೇಲೆದ್ದಿತು, ನಡುವೆ ನಿಂತಿತು. “ಹೆಂಡ್ತಿ ಪಥ್ಯ...” ಎಂದರು.

“ಹೌದಾ ಪ್ರೊಫ್?” ಮ್ಮಾ ಸೆಯಿಪಾಟಿ ಮರುಕದಿಂದ ಮುಚ್ಚಳವನ್ನು ಕೈಗೆತ್ತಿಕೊಂಡರು. “ಬೇಡ ಬಿಡಿ ಹಂಗಾದ್ರೆ. ಆರೋಗ್ಯ ಮುಖ್ಯ. ನಿಮ್ಮ ಪಾಲು ಡ್ರಿಕಸ್ ಮಕ್ಕಳಿಗೆ ಕಳಿಸ್ತೀನಿ.”

ಮುಚ್ಚಳ ನಿಧಾನವಾಗಿ ಇಳಿಯಿತು. ಅಷ್ಟು ನಿಧಾನವಾಗಿ ಆಕೆ ಲಿಥಿಯಂ ದ್ರಾವಣವನ್ನೂ ಬಿಟ್ಟದ್ದನ್ನು ನಾನು ಕಂಡಿಲ್ಲ. ಅಂಚು ಡಬ್ಬಕ್ಕೆ ತಾಗುವ ಮೊದಲು ಪ್ರೊಫೆಸರರ ಕೈ ಒಳಗೆ ಹೋಗಿತ್ತು.

ಎಲ್ಲರೂ ನೋಡುತ್ತಿದ್ದಂತೆ ಪ್ರೊಫೆಸರ್ ಇಗ್ನೇಷಿಯಸ್ ಗ್ರೊಬ್ಲರ್ ತಿಂದರು. ಕಣ್ಣು ಮುಚ್ಚಿ, ಅಗಿದು, ನುಂಗಿದರು. ನುಂಗಿದ್ದು ಕೆಳಗಿಳಿಯುವವರೆಗೆ ಕಾದ ಮ್ಮಾ ಸೆಯಿಪಾಟಿ, ಡಬ್ಬದ ಅಡಿಯಿಂದ ಪ್ರಬಂಧ ಸಲ್ಲಿಕೆಯ ಪತ್ರವನ್ನು ಎಳೆದು ಅವರ ತಟ್ಟೆಯ ಪಕ್ಕ ಇಟ್ಟರು. ನಾಲ್ಕನೆಯ ಅಧ್ಯಾಯವೂ ಸೇರಿ ಐದು, ಸಾಲಾಗಿ ಬರೆದಿತ್ತು. ಪ್ರೊಫೆಸರರು ಡಾಕ್ಟರ್ ರೀಗರ್ ಅವರನ್ನು ನೋಡಿದರು. ಆಕೆ ಬೆರಳು ನೆಕ್ಕಿಕೊಳ್ಳುತ್ತ ಅವರನ್ನೇ ನೋಡುತ್ತಿದ್ದರು.

ಹಸಿರು ಪೆನ್ನು ಹೊರಬಂತು. ಎಣ್ಣೆಗೈ ತಾಗಿದ ಕಾಗದದ ಮೇಲೆ ಅದು ಜಾರಿತು, ಗೀಚಿದರೂ ಮೂಡಲಿಲ್ಲ. ಒರಾಟಿಲೆಯ ಹಾಲಿನ ಲೆಕ್ಕ ಬರೆಯುವ ನನ್ನ ನೀಲಿ ಪೆನ್ನನ್ನು ಮುಂದೆ ಚಾಚಿದೆ. ಅದರಲ್ಲಿ ಸಹಿ ಬಿತ್ತು.

ಮ್ಮಾ ಸೆಯಿಪಾಟಿ ಕಾಗದವನ್ನು ಮಡಿಸದೆ, ಎಣ್ಣೆಯ ಹೆಬ್ಬೆಟ್ಟು ಅಳಿಸದ ಹಾಗೆ, ಪ್ಲಾಸ್ಟಿಕ್ ಹಾಳೆಯೊಳಗೆ ಜಾರಿಸಿದರು. ಆಮೇಲೆ ಡಬ್ಬವನ್ನು ಮತ್ತೆ ಅವರತ್ತ ತಳ್ಳಿದರು.

“ಇನ್ನೊಂದು ತಗೊಳ್ಳಿ ಪ್ರೊಫ್. ಐದನೇ ಅಧ್ಯಾಯನೂ ಇದೆಯಲ್ಲ.”